ಕೆರೆಯಂಚಿನ ನೀರುಬ್ರಾಹ್ಮಿ

ಅಕ್ಕ ತೀರಿಕೊಳ್ಳುವ ಹಿಂದಿನ ದಿನವೂ ಉಡಿಗಾಲ ಊರಿನ ಮನೆಯ ಜಗಲಿಯಲ್ಲಿ ನನ್ನ ತಲೆಗೆ ನೀರುಬ್ರಾಹ್ಮಿ ಎಣ್ಣೆ ತಿಕ್ಕುತ್ತ, "ಅಳ್ಳಾಡ್ಬ್ಯಾಡ ಕಣಮ್ಮಿ" ಎಂದು ಗದರಿದ್ದಳು. ಅವಳು ಕಾಯಿಸಿಟ್ಟ ಎಣ್ಣೆ ಮೊನ್ನೆ ಮುಗಿಯಿತು. ಅದಕ್ಕೇ ಇಂದು ಗುಂಡ್ಲುಪೇಟೆ ಬಸ್ಸಿನಿಂದ ನಡುವೆ ಇಳಿದು, ಅವಳು ಸೊಪ್ಪು ತರುತ್ತಿದ್ದ ಕೆರೆಯಂಚಿಗೆ ಬಂದೆ. ಎಮ್ಮೆಗಳು ತುಳಿದ ಜೌಗಿನ ತುಂಬ ಬ್ರಾಹ್ಮಿ ಹೂಬಿಟ್ಟಿತ್ತು. ಉಗುರಿನಷ್ಟೇ ಹೂ, ತೆಳು ನೇರಳೆ. ಒಂದರ ಮೇಲೂ ಕೆಸರಿನ ಕಲೆಯಿಲ್ಲ. ಆತುರದಲ್ಲಿ ಬೇರುಸಮೇತ ಎಳೆದೆ.

"ಬೇರ್ ಕೀಳ್ತೀಯಲ್ಲವ್ವಾ, ಪ್ಯಾಟೆಯೋಳಾ?" ಎಂದು ಎಮ್ಮೆ ಕಾಯುತ್ತಿದ್ದ ಅಜ್ಜಿ ನಕ್ಕಳು. "ತುದಿ ಚೂಟ್ಕೊ. ಬುಡ ಬುಟ್ರೆ ಬರೋ ವರ್ಸನೂ ಇಲ್ಲೇ ಉಟ್ತದೆ."

ಕಿತ್ತದ್ದನ್ನು ಮತ್ತೆ ಕೆಸರಿಗೆ ಊರಿದೆ. ಅಜ್ಜಿಯೇ ನನ್ನ ಸೆರಗಿನ ತುಂಬ ಚೂಟಿಕೊಟ್ಟಳು. ಎಣ್ಣೆಯನ್ನು ನಾನೇ ಕಾಯಿಸಬಲ್ಲೆ. ಹಚ್ಚಲು ಅಕ್ಕ ಇಲ್ಲ.