ಟೇಪಕ್ಕ ಒಪ್ಪಿಕೊಂಡ ಅರ್ಧ ಸ್ವರ

ಧ್ವನಿಮುದ್ರಣದ ಕ್ಷೇತ್ರದಲ್ಲಿ ಯಂತ್ರ ಬಲ್ಲವರು ಬಹಳ ಮಂದಿ ಇದ್ದಾರೆ. ಯಂತ್ರದ ಆಚೆ ಗಾಜಿನ ಹಿಂದೆ ನಿಂತಿರುವ ಮನುಷ್ಯನನ್ನು ಬಲ್ಲವರು ಕಡಿಮೆ. ಆ ಕಡಿಮೆ ಜನರಲ್ಲಿ ಒಬ್ಬರಾಗಿ, ನಲವತ್ತು ವರ್ಷ ಒಂದೇ ಸ್ಟುಡಿಯೋದಲ್ಲಿ ದುಡಿದು ಈ ತಿಂಗಳು ನಿವೃತ್ತರಾಗುತ್ತಿರುವವರು ಟೇಪಕ್ಕ. ಈ ಹೆಸರು ಇಟ್ಟವರು ಯಾರೆಂಬುದು ಅವರಿಗೂ ನೆನಪಿಲ್ಲ. ಸಂಬಳದ ಚೀಟಿಯಲ್ಲಿ ಬೇರೆ ಹೆಸರಿದೆಯಂತೆ. ಆ ಹೆಸರಿನಿಂದ ಕರೆದರೆ ಅವರು ತಿರುಗಿ ನೋಡುವುದಿಲ್ಲ.

ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಸಹಾಯಕಿಯಾಗಿ ಸೇರಿದಾಗ ಸ್ಟುಡಿಯೋ ಚಪ್ಪಲಿ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿತ್ತು. ಕಿಟಕಿಗಳಿಗೆ ಕಂಬಳಿ ಹೊಡೆದಿದ್ದರು. ಅಲ್ಲಿನ ಹಿರಿಯರು ಕಲಿಸಿದ ಒಂದು ಪದ್ಧತಿಯನ್ನು ಟೇಪಕ್ಕ ಒಂದು ದಿನವೂ ತಪ್ಪಿಸಲಿಲ್ಲ. ಹೊಸ ಟೇಪು ಓಡಿಸಿದೊಡನೆ ಎರಡು ಕೊಂಬಿನ ಉಕ್ಕಿನ ಶ್ರುತಿಕವೆಯನ್ನು, ಅಂದರೆ ಟ್ಯೂನಿಂಗ್ ಫೋರ್ಕನ್ನು, ಮೊಣಕಾಲಿಗೆ ತಟ್ಟಿ ಮೈಕಿನ ಮುಂದೆ ಹಿಡಿಯುವುದು. ಮುಂದೆ ಟೇಪಿನ ವೇಗವನ್ನು ಹೋಲಿಸಿ ನೋಡಲೆಂದು ಆ ನಾದ ಟೇಪಿನಲ್ಲಿ ಉಳಿಯುತ್ತದೆ. ರೆಕಾರ್ಡಿಗೆ ಹೋಗುವಾಗ ಅದನ್ನು ಕತ್ತರಿಸುತ್ತಾರೆ.

ಅವರ ಉಪಕಾರಗಳು ಸದ್ದು ಮಾಡುವಂಥವಲ್ಲ. ಪಿಟೀಲು ನುಡಿಸುತ್ತಿದ್ದ ಒಬ್ಬರು ಚಿಕ್ಕ ವಯಸ್ಸಿನಲ್ಲೇ ತೀರಿಕೊಂಡಾಗ, ಹಾಡುಗಳ ನಡುವೆ ಅವರು ಕೆಮ್ಮಿದ್ದು, ನಕ್ಕಿದ್ದು, ಊಟ ಬಂತೇ ಎಂದು ಕೇಳಿದ್ದು, ಎಲ್ಲವನ್ನೂ ಟೇಪಕ್ಕ ಹಳೆಯ ಟೇಪುಗಳಿಂದ ಹೆಕ್ಕಿ ಜೋಡಿಸಿ ಅವರ ಹೆಂಡತಿಗೆ ತಂದುಕೊಟ್ಟರು. “ಅವರ ಪಿಟೀಲಿನ ರೆಕಾರ್ಡು ಅಂಗಡೀಲೂ ಸಿಗುತ್ತಮ್ಮ. ಇದು ಸಿಗಲ್ಲ” ಎಂದಷ್ಟೇ ಹೇಳಿ, ಕೂರದೆ ಹೊರಟುಹೋದರು.

ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ನಾಲ್ವರು ಯುವಕರ ರಾಕ್ ತಂಡದ ಮೊದಲ ಆಲ್ಬಂ ಟೇಪಕ್ಕನ ಕೈಯಲ್ಲಿ ಮುದ್ರಣವಾಯಿತು. ಅದು ಮನೆಮಾತಾಯಿತು, ಟೇಪಕ್ಕನ ಹೆಸರೂ ಅದರೊಂದಿಗೆ ಬೆಳೆಯಿತು. ಮೂವತ್ತೆಂಟು ವರ್ಷಗಳ ನಂತರ, ಈ ಬೇಸಗೆಯಲ್ಲಿ, ಅದೇ ನಾಲ್ವರು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಹಳೆಯ ಹಾಡುಗಳನ್ನೆಲ್ಲ ತಾವೇ ಮತ್ತೆ ಹಾಡಿ ಮುದ್ರಿಸಬೇಕು, ಟೇಪಕ್ಕ ಹೋಗುವ ಮೊದಲೇ ಆಗಬೇಕು ಎಂಬುದು ಅವರ ಹಟ.

ಮೂರನೆಯ ದಿನ, ಮೂರನೆಯ ಹಾಡು. ಅದರ ಎತ್ತರದ ಸಾಲಿನಲ್ಲಿ ಹಾಡುಗಾರರ ದನಿ ನಾಲ್ಕು ಸಲ ಒಡೆಯಿತು. ಅವರು ಹೆಡ್‌ಫೋನು ತೆಗೆದಿಟ್ಟರು.

“ಬಿಡಿ ಟೇಪಕ್ಕ. ಈ ಗಂಟಲು ಮುಗೀತು. ಆಲ್ಬಮ್ಮೂ ಬೇಡ, ವೇದಿಕೇನೂ ಬೇಡ. ನಾಳೆಯಿಂದ ನಾನು ಬರಲ್ಲ.”

ಡ್ರಮ್ ಬಾರಿಸುವವರು ಹಾಡುಗಾರರ ಅಕ್ಕನ ಗಂಡ. ಬೆವರು ಒರೆಸಿಕೊಳ್ಳುತ್ತ ಅವರೆಂದರು: “ನಿನ್ನ ಗಂಟಲಿಗಿಂತ ಮೊದಲು ನನ್ನ ಮಣಿಕಟ್ಟು ಮುಗಿಯುತ್ತೆ ಕಣಯ್ಯಾ. ಆವತ್ತು ಅಷ್ಟು ಜೋರಾಗಿ ಹೇಗೆ ಓಡಿಸಿದ್ನೋ!”

“ಸುಮ್ನಿರಿ ಭಾವ. ನಿಮಗೆ ಕೋಲು ಮುರಿದ್ರೆ ಇನ್ನೊಂದು ಕೋಲಿದೆ.”

ಎಲ್ಲರೂ ಚಹಾ ಕುಡಿಯಲು ಪಕ್ಕದ ಕೋಣೆಗೆ ಹೋದರು. ಆ ಸಾಲಿನಲ್ಲಿ ಹಿಂದೆ ಉಸಿರು ಎಲ್ಲಿ ತೆಗೆದುಕೊಂಡಿದ್ದರೆಂದು ನೋಡೋಣವೆಂದು ಟೇಪಕ್ಕ ಬೀರುವಿನಿಂದ ಮೂಲ ಟೇಪು ತಂದು ಏರಿಸಿದರು. ಮೊದಲು ಶ್ರುತಿಕವೆಯ ನಾದ ಬಂತು. ರೂಢಿಯಂತೆ ಅವರ ಕೈ ಡ್ರಾಯರಿಗೆ ಹೋಯಿತು. ಅದೇ ಶ್ರುತಿಕವೆಯನ್ನು ತಟ್ಟಿ ಕಿವಿಗೆ ಹಿಡಿದರು. ಟೇಪಿನ ನಾದ ಅರ್ಧ ಸ್ವರ ಮೇಲಿತ್ತು.

ಮತ್ತೆ ತಟ್ಟಿದರು. ಅರ್ಧ ಸ್ವರ ಮೇಲೆಯೇ. ಉಕ್ಕಿನ ದನಿ ಬದಲಾಗದು. ಆಗ ಟೇಪಕ್ಕನಿಗೆ ಆ ಹಳೆಯ ದಿನ ಕಣ್ಣಿಗೆ ಕಟ್ಟಿತು. ಆ ಮುದ್ರಣದ ಹಿಂದಿನ ದಿನ ಸಾಬೂನಿನ ಜಾಹೀರಾತಿಗೆ ಕೀಚಲು ದನಿ ಬರಲೆಂದು ಯಂತ್ರದ ವೇಗದ ಗುಬುಟನ್ನು ತಗ್ಗಿಸಿದ್ದರು. ಮರಳಿ ತಿರುಗಿಸಲು ಮರೆತಿದ್ದರು. ನಿಧಾನವಾಗಿ ಓಡಿದ ಟೇಪಿನಲ್ಲಿ ಹಿಡಿದ ಹಾಡು, ಸರಿಯಾದ ವೇಗದ ಯಂತ್ರಕ್ಕೆ ಹೋದಾಗ ಚುರುಕಾಗಿ, ಎತ್ತರವಾಗಿ ಹೊರಬಂತು. ತಂಡದವರು ಯೌವನದ ಬಿಸಿಯೆಂದು ತಿಳಿದರು. ಆಮೇಲೆ ರೆಕಾರ್ಡು ಕೇಳಿಕೇಳಿ ಅದಕ್ಕೆ ಸರಿಯಾಗಿ ತಂತಿ ಬಿಗಿದುಕೊಂಡು, ಊರೂರಲ್ಲಿ ಅದನ್ನೇ ಹಾಡಿದರು.

ಹೇಳದೆ ಬಿಡಬಹುದಿತ್ತು. ದನಿಯನ್ನು ಅರ್ಧ ಸ್ವರ ಎತ್ತುವುದು ಇಂದಿನ ಕಂಪ್ಯೂಟರಿಗೆ ಎರಡು ನಿಮಿಷದ ಕೆಲಸ. ನಿವೃತ್ತಿಗೆ ಆರು ವಾರ. ಅವರ ನಿವೃತ್ತಿಗೆಂದು ತರುತ್ತಿರುವ ಈ ಅಭಿನಂದನ ಸಂಪುಟಕ್ಕೆ ಲೇಖನಗಳು ಬರತೊಡಗಿದ್ದವು, ಬಹುಪಾಲು ಆ ಆಲ್ಬಮ್ಮನ್ನೇ ಹೊಗಳಿ. ಆದರೆ ದನಿಯನ್ನು ಯಂತ್ರದಿಂದ ಎತ್ತಿದರೆ ಹಾಡು ಉಳಿಯುತ್ತಿತ್ತು, ಹಾಡುಗಾರರು ಮಾತ್ರ ತಮ್ಮ ಗಂಟಲು ಸತ್ತಿತೆಂದೇ ನಂಬಿ ಮನೆಗೆ ಹೋಗುತ್ತಿದ್ದರು. ಟೇಪಕ್ಕ ಎದ್ದು ಚಹಾದ ಕೋಣೆಗೆ ನಡೆದರು.

“ತಪ್ಪು ನಿಮ್ಮ ಗಂಟಲದ್ದಲ್ಲ. ನನ್ನದು.”

ನಡೆದದ್ದನ್ನೆಲ್ಲ ಹೇಳಿದರು. ಯಾರೂ ಲೋಟ ಎತ್ತಲಿಲ್ಲ.

“ಅಂದ್ರೆ, ನಾನು ಅಷ್ಟು ಮೇಲೆ ಹಾಡೇ ಇಲ್ವಾ?” ಎಂದರು ಹಾಡುಗಾರರು.

“ಇಲ್ಲ.”

“ಇಪ್ಪತ್ತಾರನೇ ವಯಸ್ಸಲ್ಲೂ?”

“ಆವಾಗ್ಲೂ ಇಲ್ಲ. ಆಮೇಲೆ ಮೂವತ್ತೆಂಟು ವರ್ಷ ಹಾಡಿದ್ರಿ. ಅದು ನಿಮ್ಮದೇ.”

“ಬಿಸಿನೀರು ಕುಡಿದು ಕುಡಿದು ಸತ್ತೆನಲ್ರೀ! ಒಂದು ಐಸ್‌ಕ್ರೀಂ ಮುಟ್ಟಿಲ್ಲ!”

ಡ್ರಮ್ಮಿನವರು ಕುರ್ಚಿಯಿಂದ ಜಾರುವಷ್ಟು ನಕ್ಕರು. “ಅವನ ಐಸ್‌ಕ್ರೀಂ ಮನೆ ಹಾಳಾಗ್ಲಿ. ನಾನು ಇಷ್ಟು ವರ್ಷ ಮೋಟಾರಿನ ಜೊತೆ ಪಂದ್ಯ ಕಟ್ಟಿ ಓಡಿದ್ನಲ್ಲ ಟೇಪಕ್ಕ! ಇವನ ಅಕ್ಕ ದಿನಾ ನನ್ನ ತೋಳಿಗೆ ಎಣ್ಣೆ ತಿಕ್ಕಿದ್ದಾಳೆ, ಅವಳಿಗೆ ನೀವೇ ಹೇಳ್ಕೊಳ್ಳಿ.”

ಹಾಡುಗಾರರು ಮಾತ್ರ ನಗದೆ ಎದ್ದರು. “ತಂತಿ ಇಳಿಸ್ರಪ್ಪಾ” ಎಂದು ಒಳಗೆ ಹೋದರು. ಕೆಂಪು ದೀಪ ಹತ್ತಿತು. ಆ ಎತ್ತರದ ಸಾಲು ಮೊದಲ ಸಲಕ್ಕೇ ಬಂತು. ಸ್ವಲ್ಪ ಒರಟಾಗಿ, ಅವಸರವಿಲ್ಲದೆ, ಪೂರ್ತಿ ಅವರದಾಗಿ. ಗಾಜಿನ ಈಚೆ ಟೇಪಕ್ಕ ಯಾವ ಗುಬುಟನ್ನೂ ಮುಟ್ಟದೆ ಕೈಕಟ್ಟಿ ಕೂತಿದ್ದರು. ಅರವತ್ತು ದಾಟಿದ ನಾಲ್ವರು ಹೊರಬಂದು, ಸೋತು ಸುಣ್ಣವಾಗಿದ್ದರೂ ಇನ್ನೊಂದು ಹಾಡು ಇವತ್ತೇ ಆಗಲಿ ಎಂದರು.

ಮರುದಿನ ಟೇಪಕ್ಕ ತಮ್ಮ ತಪ್ಪನ್ನು ಕಾಗದದಲ್ಲಿ ಬರೆದು ವ್ಯವಸ್ಥಾಪಕರಿಗೆ ಕೊಟ್ಟರು. ಅದನ್ನು ಈ ಸಂಪುಟದಲ್ಲಿ ಸೇರಿಸಬೇಕೆಂಬುದು ಅವರದೇ ಅಪೇಕ್ಷೆ, ಸೇರಿಸಿದೆ.

ಹೊಸ ಆಲ್ಬಂ ಮುಗಿದ ದಿನ ಡ್ರಮ್ಮಿನವರು ಮೆಟ್ಟಿಲ ಬಳಿ ನಿಂತು ಮೆಲ್ಲಗೆ ಕೇಳಿದರು: “ಟೇಪಕ್ಕ, ನೀವು ಮುದ್ರಿಸಿದ ನಮ್ಮ ಬೇರೆ ನಾಲ್ಕು ಆಲ್ಬಂ?”

“ಗೊತ್ತಿಲ್ಲಪ್ಪ. ಕೂತು ಒಂದೊಂದೇ ಕೇಳಬೇಕು.”

ಆದ್ದರಿಂದ ನಿವೃತ್ತಿಯ ಮರುವಾರದಿಂದ ಟೇಪಕ್ಕ ವಾರಕ್ಕೆರಡು ದಿನ ಸ್ಟುಡಿಯೋಗೆ ಬರಲಿದ್ದಾರೆ. ಅವರ ಆಯುಸ್ಸು ದೀರ್ಘವಾಗಲಿ, ಕಿವಿ ಹೀಗೆಯೇ ಚುರುಕಾಗಿರಲಿ. ಬೀರುವಿನಲ್ಲಿ ಮುನ್ನೂರು ಟೇಪುಗಳಿವೆ. ಹಾಡಿದವರಲ್ಲಿ ಅನೇಕರು ಇನ್ನೂ ನಮ್ಮ ನಡುವೆ ಇದ್ದಾರೆ, ತಮ್ಮ ದನಿ ಹೋಯಿತೆಂದುಕೊಂಡು.