ರತ್ನಾಬಾಯಿಯ ಏಳು ದಿನದ ದಾರಿ

ಇಲಕಲ್ಲಿನ ನೇಕಾರ ಓಣಿಯಲ್ಲಿ ಸೆರಗು ಕೂಡಿಸುವ ಕೆಲಸಕ್ಕೆ ರತ್ನಾಬಾಯಿಯಷ್ಟು ಹೆಸರಾದವರು ಬೇರೆ ಇರಲಿಲ್ಲ. ಸೀರೆಯ ಒಡಲಿನ ನೂಲಿಗೂ ಸೆರಗಿನ ರೇಷ್ಮೆಗೂ ಎಳೆ ಎಳೆ ಕೊಂಡಿ ಹಾಕಿ ಕೂಡಿಸಬೇಕಾದಾಗ ನಾಲ್ಕು ಮನೆಯಾಚೆಯಿಂದಲೂ ಆಕೆಗೆ ಕರೆ ಬರುತ್ತಿತ್ತು. ಏಳನೆಯ ಇಯತ್ತೆಗೆ ಮನೆಯವರು ಆಕೆಯನ್ನು ಸಾಲಿ ಬಿಡಿಸಿ ಮಗ್ಗದ ತಗ್ಗಿನಲ್ಲಿ ಕೂರಿಸಿದ್ದರು. 2003ರ ಹೊತ್ತಿಗೆ ನಲವತ್ತಾರು ದಾಟಿದ್ದಳು. ಅಷ್ಟು ವರ್ಷದಲ್ಲಿ ಆಕೆ ಕಂಡ ದೂರದ ಊರೆಂದರೆ ಒಂದು ಕಡೆ ಬಾಗಲಕೋಟೆ, ಇನ್ನೊಂದು ಕಡೆ ಬಾದಾಮಿ. ನಡುವೆ ವರ್ಷಕ್ಕೊಮ್ಮೆ ಕೂಡಲಸಂಗಮ.

ಪಕ್ಕದ ಮನೆಯ ಮರೆವ್ವನ ಗಂಡ ಬೀರಲಿಂಗಪ್ಪ ಲಾರಿ ಹೊಡೆಯುತ್ತಿದ್ದ. ಇಲಕಲ್ಲಿನ ಕೆಂಪು ಕಲ್ಲಿನ ದಿಮ್ಮಿಗಳನ್ನು ಘಟ್ಟ ಇಳಿಸಿ ಮಂಗಳೂರು ಬಂದರಿಗೆ ಮುಟ್ಟಿಸುವುದು ಅವನ ಕೆಲಸ. ಒಂದು ಸಂಜೆ ಕಟ್ಟೆಯ ಮೇಲೆ ಕುಳಿತು ಅವನು ಸಮುದ್ರದ ದಂಡೆಯ ರಸ್ತೆಯ ಸುದ್ದಿ ಹೇಳುತ್ತಿದ್ದಾಗ ರತ್ನಾಬಾಯಿಗೆ ಇದ್ದಕ್ಕಿದ್ದಂತೆ ಸಿಟ್ಟು ಬಂತು.

“ಅಲ್ರೀ ಬೀರಲಿಂಗಪ್ಪಣ್ಣಾರ, ನಮ್ಮೂರ ಕಲ್ಲು ಸೈತ ಸಮುದ್ರಕ್ಕ ಹೋಗ್ತೈತಿ. ನಾವು ನೇಯ್ದ ಸೀರಿ ಮುಂಬೈ, ಪುಣೆ ನೋಡ್ತಾವ. ನಾವು ಮಾತ್ರ ಈ ತಗ್ಗಿನಾಗ ಕಾಲು ಇಳಿಬಿಟ್ಟು ಕುಂತಲ್ಲೇ ಕುಂಡ್ರಬೇಕೇನ್ರಿ? ಕಲ್ಲಿಗಿಂತ ಕಡೀ ಆದಿವೇನು?”

ಬೀರಲಿಂಗಪ್ಪ ನಕ್ಕ. ಮರೆವ್ವ ನಗಲಿಲ್ಲ. “ಹೌದಕ್ಕಾ, ಖರೇನ ಹೋಗೋಣೇನು?” ಅಂದಳು. ಮಾತು ಅಲ್ಲಿಂದ ಹುಟ್ಟಿತು.

ರತ್ನಾಬಾಯಿಯೂ ಸೇರಿ ಓಣಿಯ ಎಂಟು ಹೆಂಗಸರು ಒಪ್ಪಿದರು. ಅವರಲ್ಲಿ ಎಲ್ಲರಿಗಿಂತ ಹಿರಿಯಳು ನೂಲು ಸುತ್ತುವ ಹುಸೇನಬಿ. ಅರವತ್ತು ದಾಟಿದ ಆಕೆಯನ್ನು ಓಣಿಯೆಲ್ಲ ಚಿಕ್ಕಮ್ಮನೆಂಬಂತೆ ಖಾಲಾ ಎಂದೇ ಕರೆಯುತ್ತಿತ್ತು. ಒಂದು ವಾರದ ಪ್ರವಾಸ, ಒಂದು ಟ್ರ್ಯಾಕ್ಸ್ ಗಾಡಿ. ದೀಪಾವಳಿಯ ಸೀರೆಗಳು ಮಗ್ಗದಿಂದ ಇಳಿದ ಮೇಲೆ, ಮಳೆ ನಿಂತು ಹೊಳೆಗಳಲ್ಲಿ ನೀರು ಇನ್ನೂ ಇರುವಾಗ ಹೊರಡಬೇಕು. ಹುನಗುಂದದ ಹುಲ್ಲಪ್ಪನ ಗಾಡಿ ಮಾತಾಡುವ, ದಾರಿ ಗೊತ್ತುಮಾಡುವ ಕೆಲಸ ರತ್ನಾಬಾಯಿಗೆ ಬಂತು.

ಹನ್ನೊಂದು ತಿಂಗಳು ಆಕೆ ಆ ಕೆಲಸ ಮಾಡಿದಳು. ಇನ್ನೂರು ಪುಟದ ನೋಟಬುಕ್ಕಿನಲ್ಲಿ ಒಂದೊಂದು ದಿನಕ್ಕೆ ಇಪ್ಪತ್ತು ಪುಟ ಬಿಟ್ಟಳು. ಬೀರಲಿಂಗಪ್ಪ ಊರಿಗೆ ಬಂದಾಗಲೆಲ್ಲ ಹಿಡಿದು ಕೂರಿಸಿ ಕೇಳಿದಳು. ಅರಬೈಲ ಘಟ್ಟದಲ್ಲಿ ಎಷ್ಟು ತಿರುವು, ಲಾರಿಗಳ ಗದ್ದಲ ಯಾವ ಹೊತ್ತಿಗೆ ಕಡಿಮೆ, ಆಗುಂಬೆ ಹತ್ತುವಾಗ ಯಾವ ಬದಿಗೆ ಕೂತರೆ ಕಣಿವೆ ಕಾಣುತ್ತದೆ ಎಲ್ಲ ಬರೆದುಕೊಂಡಳು. ಗೋಕರ್ಣ, ಕೊಲ್ಲೂರು, ಶೃಂಗೇರಿಯ ಛತ್ರಗಳಿಗೆ ಉತ್ತರ ಬರೆದು ಕಳಿಸುವ ಜವಾಬಿ ಕಾರ್ಡು ಹಾಕಿದಳು: ಎಂಟು ಮಂದಿಗೆ ಕೋಣೆ ಸಿಗುತ್ತದೆಯೇ, ಮುಂಜಾನೆ ಬಿಸಿನೀರು ಇದೆಯೇ, ಬಾಗಿಲಿಗೆ ಒಳಗಿನಿಂದ ಚಿಲಕ ಗಟ್ಟಿಯಾಗಿದೆಯೇ. ಗಂಡಸರು ಯಾರೂ ಬರೆಯದ ಇನ್ನೊಂದು ಸಂಗತಿಯನ್ನೂ ಬರೆದಿದ್ದಳು. ಎಂಟು ಹೆಂಗಸರು ಏಳು ದಿನ ದಾರಿಯಲ್ಲಿ ಇರಬೇಕೆಂದರೆ ಎಲ್ಲೆಲ್ಲಿ ಇಳಿದು ಮರೆಗೆ ಹೋಗಬಹುದು ಎಂಬುದು ಮೊದಲೇ ಗೊತ್ತಿರಬೇಕು. ಮೂವರಿಗೆ ಸಕ್ಕರೆ ಕಾಯಿಲೆ ಇತ್ತು. ಅಂಥ ಜಾಗಗಳನ್ನು ಮರೆವ್ವ ಗಂಡನ ಹತ್ತಿರ ಪಿಸುಮಾತಿನಲ್ಲಿ ಕೇಳಿ ಹೇಳಿದ್ದಳು, ರತ್ನಾಬಾಯಿ ನಾಚಿಕೊಳ್ಳದೆ ಬರೆದುಕೊಂಡಿದ್ದಳು.

ತೊಡಕು ಬಂದದ್ದು ಒಂದು ಛತ್ರದ ಉತ್ತರದಿಂದ. ಹೆಂಗಸರಷ್ಟೇ ಬಂದರೆ ಕೋಣೆ ಕೊಡುವುದಿಲ್ಲ, ಒಂದೋ ಜೊತೆಗೆ ಗಂಡಸರು ಇರಬೇಕು, ಇಲ್ಲವೇ ಯಾವುದಾದರೂ ಸಂಸ್ಥೆಯ ಪತ್ರ ತರಬೇಕು ಎಂದು ಬರೆದಿತ್ತು. ಓದಿ ಆಕೆಯ ಮೈ ಉರಿಯಿತು. ಆದರೂ ಓಣಿಯ ನೇಕಾರ ಸಂಘಕ್ಕೆ ಹೋಗಿ ಕಾರ್ಯದರ್ಶಿ ಈರಪ್ಪನಿಗೆ ವಿಷಯ ಹೇಳಿ ಒಂದು ಪತ್ರ ಕೇಳಿದಳು. “ಎಲ್ಲಿ, ನಿಮ್ಮ ಪ್ಲ್ಯಾನ್ ಬಿಟ್ಟು ಹೋಗು ತಂಗಿ, ನೋಡಿ ಬರದ ಕೊಡ್ತೇನಿ” ಎಂದು ಈರಪ್ಪ ನೋಟಬುಕ್ಕು ಇಸಿದುಕೊಂಡ.

ಹದಿನೈದು ದಿನವಾದರೂ ಪತ್ರ ಇಲ್ಲ. ಹದಿನಾರನೆಯ ದಿನ ನೇಯ್ದ ಸೀರೆ ಒಪ್ಪಿಸಲು ಆಕೆ ಸಂಘಕ್ಕೆ ಹೋದಾಗ ಒಳಗೆ ಡೈರೆಕ್ಟರುಗಳೆಲ್ಲ ಕುಳಿತು ಚಹಾ ಕುಡಿಯುತ್ತಿದ್ದರು. ಬಾಗಿಲ ಹೊರಗೇ ಆಕೆಗೆ ತಾನು ಬರೆದ ಮಾತು ಕೇಳಿಸಿತು. ಈರಪ್ಪ ಗಟ್ಟಿಯಾಗಿ ಓದುತ್ತಿದ್ದ.

“‘ಯಲ್ಲಾಪುರ ದಾಟಿ ನಾಲ್ಕು ಕಿಲೋಮೀಟರ್. ಎಡಕ್ಕ ದಟ್ಟ ಗಿಡ ಅದಾವ, ಹೆಣ್ಮಕ್ಕಳು ಇಳಿದು ಹೋಗಿ ಬರಬಹುದು.’ ಇದೇನು ಪ್ರವಾಸದ ಪ್ಲ್ಯಾನೋ, ಪಾಯಖಾನಿ ಪ್ಲ್ಯಾನೋ?”

ಕೋಣೆಯೆಲ್ಲ ನಕ್ಕಿತು. ಆ ನಗುವಿನಲ್ಲಿ ಮೂಗಿನಿಂದ ಬರುವ ಒಂದು ನಗು ಆಕೆಗೆ ಗುರುತು ಸಿಕ್ಕಿತು. ಇಪ್ಪತ್ತೆಂಟು ವರ್ಷ ಒಂದೇ ಸೂರಿನಡಿ ಕೇಳಿದ ನಗು. ಗಂಡ ಬಸವಂತ ಒಳಗಿದ್ದ.

ರತ್ನಾಬಾಯಿ ಸೀರೆ ಒಪ್ಪಿಸದೆ ಹಾಗೇ ತಿರುಗಿ ಬಂದಳು. ಅಂದು ಮಗ್ಗದಲ್ಲಿ ಕುಳಿತರೆ ಒಂದು ಎಳೆಯೂ ನೆಟ್ಟಗೆ ಹೋಗಲಿಲ್ಲ.

ಮಧ್ಯಾಹ್ನ ಬಸವಂತ ಮನೆಗೆ ಬಂದ. ಮುಖದಲ್ಲಿ ಹಬ್ಬದ ಕಳೆ.

“ಕೇಳಿದ್ಯೇನು? ಸಂಘದಿಂದ ಅಧ್ಯಯನ ಪ್ರವಾಸ ಹೊಂಟೈತಿ. ಡೈರೆಕ್ಟರ್ ಮಂದಿ ಎಲ್ಲಾ ಬರಾಕತ್ತಾರ. ನಿನ್ನ ಸಲುವಾಗಿ ನನಗೂ ಒಂದು ಸೀಟು ಕೊಟ್ಟಾರ ನೋಡು!”

“ಯಾವ ಕಡೆ ಪ್ರವಾಸ?”

“ಅದ, ನೀ ಬರದಿದ್ದಿಯಲ್ಲ, ಆ ದಾರೀನ. ಗೋಕರ್ಣ, ಕೊಲ್ಲೂರು, ಜೋಗ. ತಾರೀಖೂ ಅದ. ಈರಪ್ಪನಾರು ಹುನಗುಂದಕ್ಕ ಹೋಗಿ ಗಾಡಿ ಮಾತಾಡಿ ಬಂದಾರ.”

“ನಮ್ಮ ಗಾಡಿ?”

“ನಿಮ್ಮದು ಮುಂದಿನ ವರ್ಷ ಇಟ್ಕೊರಿ ಅಂದಾರ. ಬರೇ ಹೆಣ್ಮಕ್ಕಳು ಅಷ್ಟು ದೂರ ಹೋಗೂದು ಸರಿ ಅಲ್ಲ. ಹಾಂ, ಹತ್ತು ಮಂದಿಗೆ ಕಟಕ ರೊಟ್ಟಿ, ಶೇಂಗಾ ಹಿಂಡಿ ಮಾಡಿಡಬೇಕು ನೀವು. ಏಳು ದಿನಕ್ಕ ಆಗಬೇಕು.”

ರತ್ನಾಬಾಯಿ ಮಗ್ಗದ ತಗ್ಗಿನಿಂದ ಎದ್ದು ಮೇಲೆ ಬಂದಳು. ಆಕೆ ಕೆಲಸದ ನಡುವೆ ಹಾಗೆ ಎದ್ದದ್ದನ್ನು ಬಸವಂತ ನೋಡಿರಲಿಲ್ಲ.

“ಈ ಮನ್ಯಾಗ ಆ ಪ್ರವಾಸಕ್ಕ ಒಂದು ರೊಟ್ಟಿ ಬಡಿಯೂದಿಲ್ಲ,” ಅಂದಳು. “ಉಳಿದ ಏಳು ಮನ್ಯಾಗೂ ಬಡಿಯೂದಿಲ್ಲ. ಹೋಗಿ ಹೇಳ್ರಿ.”

ಹಾಗೆಯೇ ಆಯಿತು. ಎಂಟು ಮನೆಗಳಲ್ಲಿ ರೊಟ್ಟಿ ಬಡಿದರು, ಹಿಂಡಿ ಕುಟ್ಟಿದರು, ಆದರೆ ಅದನ್ನು ತಮ್ಮ ತಮ್ಮ ಗಂಟಿನಲ್ಲಿ ಕಟ್ಟಿಟ್ಟರು. ಗಂಡಸರು ಅಮೀನಗಡದ ಕರದಂಟಿನ ಮೇಲೆ ಭರವಸೆ ಇಡಬೇಕಾಯಿತು.

ಮರುದಿನ ರತ್ನಾಬಾಯಿ ಬಸ್ಸು ಹತ್ತಿ ಹುನಗುಂದಕ್ಕೆ ಹೋದಳು. ಟ್ರ್ಯಾಕ್ಸಿನ ಹುಲ್ಲಪ್ಪ ಆಕೆಯನ್ನು ನೋಡಿ ಗಾಬರಿಯಾದ. “ರತ್ನಕ್ಕಾ, ನಿಮ್ಮದು ರದ್ದಾತು ಅಂತ ಈರಪ್ಪನಾರು ಹೇಳಿದ್ರಲ್ಲ! ನಿಮಗ ಆರಾಮಿಲ್ಲ ಅಂದ್ರು.”

“ನಾ ನಿನ್ನ ಮುಂದ ನಿಂತೇನಿ. ನೋಡು, ಆರಾಮ ಇದ್ದೇನೋ ಇಲ್ಲೋ?”

ಹುಲ್ಲಪ್ಪ ತಲೆ ಕೆರೆದುಕೊಂಡ. ಸಂಘದವರನ್ನು ಎದುರು ಹಾಕಿಕೊಳ್ಳಲು ಅವನಿಗೆ ಧೈರ್ಯವಿಲ್ಲ. ಸುಳ್ಳು ಹೇಳಿ ತನ್ನನ್ನು ಬಳಸಿಕೊಂಡರಲ್ಲ ಎಂಬ ಬೇಸರವೂ ಇತ್ತು. ಕೊನೆಗೆ, “ಅಕ್ಕಾ, ಆ ದಿನ ನಸುಕಿನಾಗ ನಾ ಗಾಡಿ ತಂದು ಓಣಿ ಬಾಯಾಗ ನಿಲ್ಲಿಸ್ತೇನಿ. ಯಾರು ಹತ್ತಿ ಕುಂತಿರ್ತಾರೋ ಅವರನ್ನ ಕರ್ಕೊಂಡು ಹೋಗ್ತೇನಿ. ಇದಕ್ಕಿಂತ ಹೆಚ್ಚಿಂದು ನನಗ ಹೇಳಬ್ಯಾಡ್ರಿ” ಎಂದ.

ವಾಪಸು ಬರುವ ಬಸ್ಸಿನಲ್ಲಿ ಆಕೆಗೆ ಛತ್ರದ ಪತ್ರದ ಚಿಂತೆ. ಅರ್ಧ ದಾರಿಯಲ್ಲಿ ಹೊಳೆಯಿತು. ಎರಡು ವರ್ಷದ ಹಿಂದೆ ಓಣಿಯ ಹೆಂಗಸರು ಉಳಿತಾಯದ ಗುಂಪು ಕಟ್ಟಿದ್ದರು. ಅದಕ್ಕೊಂದು ಹೆಸರಿತ್ತು, ದುಂಡನೆಯ ರಬ್ಬರ್ ಶಿಕ್ಕೆ ಇತ್ತು. ಸಂಸ್ಥೆ ಎಂದರೆ ಗಂಡಸರದೇ ಆಗಬೇಕೆಂದು ಆ ಕಾರ್ಡಿನಲ್ಲಿ ಎಲ್ಲಿ ಬರೆದಿತ್ತು? ಮನೆಗೆ ಬಂದವಳೇ ಪತ್ರ ಬರೆದಳು. ಹುಸೇನಬಿ ಗುಂಪಿನ ಅಧ್ಯಕ್ಷೆಯೆಂದು ಹೆಬ್ಬೆಟ್ಟು ಒತ್ತಿದಳು. ಶಿಕ್ಕೆಯನ್ನು ರತ್ನಾಬಾಯಿ ಎಷ್ಟು ಜೋರಾಗಿ ಒತ್ತಿದಳೆಂದರೆ ಕೆಳಗಿನ ಹಾಳೆಗೂ ಮೂಡಿತು.

ಹೊರಡುವ ದಿನ ಬೆಳಗಿನ ಐದು ಗಂಟೆಗೆ ಗಾಡಿ ಬಂತು. ಡೈರೆಕ್ಟರುಗಳು ಸ್ನಾನ, ವಿಭೂತಿ ಮುಗಿಸಿ ಬ್ಯಾಗು ಹಿಡಿದು ಬರುವಷ್ಟರಲ್ಲಿ ಎಂಟೂ ಹೆಂಗಸರು ಒಳಗೆ ಕುಳಿತಾಗಿತ್ತು. ಗಂಟುಗಳು ಮೇಲೆ ಹಗ್ಗ ಬಿಗಿದುಕೊಂಡಿದ್ದವು. ಮುಂದಿನ ಸೀಟಿನಲ್ಲಿ ಹುಸೇನಬಿ ಊರುಗೋಲು ಅಡ್ಡ ಹಿಡಿದು ಕುಳಿತಿದ್ದಳು.

“ಇಳೀರಿ, ಇಳೀರಿ! ಏನಿದು ಹುಡುಗಾಟ?” ಈರಪ್ಪ ಕೂಗಿದ. ಕಂಕುಳಲ್ಲಿ ರತ್ನಾಬಾಯಿಯ ನೋಟಬುಕ್ಕು.

“ಯಾಕ ಇಳೀಬೇಕು?” ರತ್ನಾಬಾಯಿ ಕೇಳಿದಳು. “ಗಾಡಿ ಮೊದಲು ಮಾತಾಡಿದಾಕಿ ನಾನು. ದಾರಿ ಬರದಾಕಿ ನಾನು. ನಾ ಹಾಸಿಗಿ ಹಿಡದೇನಿ ಅಂತ ಸುಳ್ಳು ಹೇಳಿ ಬಂದವರು ನೀವು.”

ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ನೀರಿಗೆ ಹೊರಟ ಹೆಂಗಸರು ಕೊಡ ಇಳಿಸಿ ನಿಂತರು. ಹೆಂಗಸರ ಮೈಮುಟ್ಟಿ ಇಳಿಸಲು ಯಾವ ಡೈರೆಕ್ಟರಿಗೂ ಆಗುವಂತಿರಲಿಲ್ಲ. ಈರಪ್ಪ ತಿರುಗಿ, “ಏ ಬಸವಂತಾ, ನಿನ್ನ ಹೇಣ್ತಿಗಿ ಹೇಳಲೇ!” ಎಂದ.

ಬಸವಂತ ಕಿಟಕಿಯ ಬಳಿ ಬಂದು ತಗ್ಗಿದ ದನಿಯಲ್ಲಿ, “ಇಳಿ ಬಾ. ಮಂದಿ ನೋಡಾಕತ್ತಾರ. ಮರ್ಯಾದಿ ಹೋಗ್ತೈತಿ” ಅಂದ.

“ಯಾರ ಮರ್ಯಾದಿರೀ? ನಾ ಬರದಿದ್ದನ್ನ ಓದಿ ಸಂಘದಾಗ ನಕ್ಕರಲ್ಲ, ಆವತ್ತು ಬಾಗಿಲ ಹೊರಗ ನಿಂತು ನಿಮ್ಮ ನಗಿ ಕೇಳೇನಿ ನಾ. ಎಲ್ಲಾರಕಿಂತ ಜೋರ ಇತ್ತು. ಹಾದ್ಯಾಗ ಹೆಣ್ಣು ಎಲ್ಲಿ ಕುಂಡ್ರಬೇಕು ಅನ್ನೂದು ನಿಮಗ ನಗಿಚಾಟಿಕಿ ಆತು. ನಾ ನಿಮ್ಮ ತಾಯಿನ್ನ ಆರು ವರ್ಷ ಎತ್ತಿ ಕುಂಡ್ರಿಸಿ ಇಳಿಸೇನಿ. ಆವಾಗ ನಗು ಬಂದಿತ್ತೇನು?”

ಬಸವಂತ ಬ್ಯಾಗು ಕೆಳಗಿಟ್ಟು ಹಿಂದೆ ಸರಿದು ನಿಂತ.

“ಆ ಬುಕ್ಕ ನೀವ ಇಟ್ಕೊರಿ,” ರತ್ನಾಬಾಯಿ ಈರಪ್ಪನಿಗೆ ಹೇಳಿದಳು. “ನನಗ ಎಲ್ಲಾ ಬಾಯಿಪಾಠ ಐತಿ. ಹುಲ್ಲಪ್ಪಾ, ನಡಿ.”

ಹುಲ್ಲಪ್ಪ ಯಾರ ಮುಖವನ್ನೂ ನೋಡದೆ ಗಾಡಿ ಬಿಟ್ಟ.

ಚೊಳಚಗುಡ್ಡದಲ್ಲಿ ಬನಶಂಕರಿಗೆ ಕೈಮುಗಿದು, ಕುಳಗೇರಿ ಹಾದು ಹುಬ್ಬಳ್ಳಿ ಮುಟ್ಟಿದರು. ಮರೆವ್ವ ಹಾಡು ಹಚ್ಚಿದಳು, ಉಳಿದವರು ಕೂಡಿದರು. ಯಲ್ಲಾಪುರ ದಾಟಿ ನಾಲ್ಕು ಕಿಲೋಮೀಟರಿಗೆ, ಎಡಕ್ಕೆ, ದಟ್ಟ ಗಿಡಗಳ ಹತ್ತಿರ ಆಕೆ ಗಾಡಿ ನಿಲ್ಲಿಸಿದಳು. ಎಲ್ಲರೂ ಇಳಿದು ಹೋಗಿ ಬಂದರು. ಹುಸೇನಬಿ ಮತ್ತೆ ಹತ್ತಿ ಕುಳಿತು, “ಈರಪ್ಪಗ ಒಂದ ದಿನ ಈ ಸಕ್ಕರಿ ಬ್ಯಾನಿ ಬರಲಿ, ಗೊತ್ತಾಗ್ತೈತಿ” ಎಂದಳು. ಆಗ ರತ್ನಾಬಾಯಿಗೂ ನಗು ಬಂತು.

ಅರಬೈಲ ಘಟ್ಟ ಇಳಿದು ಗೋಕರ್ಣ ಸೇರಿದಾಗ ಹೊತ್ತು ಮುಳುಗಲು ಇನ್ನೂ ಒಂದು ಮಾರು ಇತ್ತು. ಆರು ಹೆಂಗಸರು ಸೀರೆ ಎತ್ತಿ ಕಟ್ಟಿ ನೀರಿಗೆ ಓಡಿದರು, ಹುಸೇನಬಿ ಊರುಗೋಲು ಊರುತ್ತ ಹಿಂದೆ ಹೋದಳು. ರತ್ನಾಬಾಯಿ ಉಸುಕಿನ ಮೇಲೆ ನಿಂತೇ ಇದ್ದಳು. ಮರೆವ್ವ ಕರೆಯಲು ಬಂದರೆ ಆಕೆಯ ಕಣ್ಣು ತುಂಬಿತ್ತು.

“ಯಾಕಕ್ಕಾ, ಖುಷಿ ಆತೇನು?”

“ಏನ ಖುಷಿ! ಮುಂಜಾನಿ ಮನಿ ಬಿಟ್ಟೇವಿ, ಸಂಜಿಗಿ ಇಲ್ಲಿ ನಿಂತೇವಿ. ಒಂದ ಹಗಲಿನ ದಾರಿ ಮರೆವ್ವಾ! ನಾ ತಿಳಿದಿದ್ದೆ ಇದು ಎಲ್ಲೋ ಪರದೇಶದಾಗ ಐತಿ ಅಂತ. ನಲವತ್ತಾರು ವರ್ಷ ಇದು ಇಲ್ಲೇ ಇತ್ತಲ್ಲ. ನಮ್ಮವ್ವ ನೋಡದ ಸತ್ತಳು. ನಮ್ಮತ್ತಿ ನೋಡದ ಸತ್ತಳು. ಯಾರಪ್ಪಂದು ಏನು ಹೋಗ್ತಿತ್ತು ಒಮ್ಮೆ ಕರ್ಕೊಂಡು ಬಂದಿದ್ರ?”

ಸಮುದ್ರ ಆಕೆಯ ಸಿಟ್ಟನ್ನು ತಣಿಸಲಿಲ್ಲ, ಇನ್ನೂ ಹೆಚ್ಚಿಸಿತು. ಕೊಲ್ಲೂರಿನಲ್ಲಿ ಛತ್ರದವನು “ಗಂಡಸರು ಎಲ್ಲಿ?” ಎಂದಾಗ ಶಿಕ್ಕೆಯ ಪತ್ರವನ್ನು ಆಕೆ ಮೇಜಿನ ಮೇಲೆ ಬಡಿದ ರೀತಿಗೆ ಅವನು ಎರಡು ಕೀಲಿಕೈ ತೆಗೆದುಕೊಟ್ಟ. ಮಲ್ಪೆಯಲ್ಲಿ ಮೀನು ಮಾರುವ ಹೆಂಗಸರ ಬಾಯಿ ಜೋರು ನೋಡಿ ಆಕೆಗೆ ಬಹಳ ಸಮಾಧಾನವಾಯಿತು, ಅರ್ಧ ತಾಸು ಅಲ್ಲೇ ನಿಂತಳು. ಆಗುಂಬೆ ಹತ್ತುವಾಗ ಎಲ್ಲರೂ ಪಾಳಿಯಂತೆ ಕಣಿವೆ ಕಾಣುವ ಬದಿಗೆ ಕುಳಿತರು. ಶೃಂಗೇರಿಯ ಹೊಳೆಯ ಮೀನಿಗೆ ಅರಳು ಹಾಕಿದರು. ಆರನೆಯ ದಿನ ಜೋಗದ ಮುಂದೆ ಒಬ್ಬ ಫೋಟೋದವನಿಂದ ಎಂಟೂ ಮಂದಿ ಸಾಲಾಗಿ ನಿಂತು ಫೋಟೋ ತೆಗೆಸಿಕೊಂಡರು. ಶಿರಸಿ ಹಾದು ಏಳನೆಯ ದಿನ ಊರು ಸೇರಿದರು.

ಗಂಡಸರ ಪ್ರವಾಸ ಗಾಡಿಯಿಲ್ಲದೆ ನಿಂತುಹೋಗಿತ್ತು, ಬಸವಂತ ವಾರವೆಲ್ಲ ಖಾನಾವಳಿಯಲ್ಲಿ ಉಂಡಿದ್ದ. ತಪ್ಪಾಯಿತೆಂದು ಅವನು ಹೇಳಲಿಲ್ಲ, ಆಕೆಯೂ ಕೇಳಲಿಲ್ಲ. ಸಂಘ ಆಕೆಗೆ ನೂಲು ಕೊಡುವುದನ್ನು ನಿಲ್ಲಿಸಿತು. ಆಕೆ ಪೇಟೆಯ ಬೇರೆ ಸಾವುಕಾರರಿಂದ ನೂಲು ತಂದು ನೇಯ್ದಳು. ಆಕೆಯ ಕೊಂಡಿಯ ಕೈ ಎಲ್ಲರಿಗೂ ಬೇಕಿತ್ತು.

ಎರಡು ವರ್ಷದ ಮೇಲೆ ಸಂಘದ ವಾರ್ಷಿಕೋತ್ಸವ ಬಂತು. ಬಾಗಲಕೋಟೆಯಿಂದ ಅತಿಥಿಗಳು ಬರುವವರಿದ್ದರು. ಹಂಚಲು ಮುನ್ನೂರು ಪುಸ್ತಿಕೆ ಅಚ್ಚಾಗಿ ಮೇಜಿನ ಮೇಲೆ ಕುಳಿತಿದ್ದವು. ಮರೆವ್ವ ಒಂದನ್ನು ತಂದು ತೋರಿಸಿದಳು. ಒಂಬತ್ತನೆಯ ಪುಟದಲ್ಲಿ ಜೋಗದ ಮುಂದೆ ನಿಂತ ಎಂಟು ಹೆಂಗಸರ ಫೋಟೋ. ಹೆಂಗಸರು ತಲಾ ಒಂದು ಪ್ರತಿ ಮಾಡಿಸಿದ್ದ ಊರಿನ ಸ್ಟುಡಿಯೋದಿಂದ ಸಂಘದವರು ಇನ್ನೊಂದು ಪ್ರತಿ ತೆಗೆಸಿದ್ದರು. ಕೆಳಗೆ ಬರೆದಿತ್ತು: ‘ಸಂಘದ ಆಶ್ರಯದಲ್ಲಿ, ಕಾರ್ಯದರ್ಶಿ ಶ್ರೀ ಈರಪ್ಪನವರ ಮಾರ್ಗದರ್ಶನದಲ್ಲಿ ಮಹಿಳಾ ಸದಸ್ಯರ ಪ್ರವಾಸ.’

ರತ್ನಾಬಾಯಿ ಎರಡು ಸಲ ಓದಿದಳು. ಆಮೇಲೆ ಏಳು ಮನೆಗಳಿಗೆ ಹೋಗಿ ಬಂದಳು.

ಅತಿಥಿಗಳು ಬರಲು ಎರಡು ತಾಸು ಇರುವಾಗ ಎಂಟು ಹೆಂಗಸರು ಸಂಘದ ಪಡಸಾಲೆಯಲ್ಲಿ ಪುಸ್ತಿಕೆಗಳ ರಾಶಿ ಸುತ್ತ ಚಾಪೆ ಹಾಸಿ ಕುಳಿತರು. ಒಬ್ಬೊಬ್ಬರ ಕೈಯಲ್ಲೂ ಒಂದು ಪೆನ್ನು. ಒಂಬತ್ತನೆಯ ಪುಟ ತೆಗೆಯುವುದು, ಆ ಸಾಲಿನ ಮೇಲೆ ಗೆರೆ ಎಳೆಯುವುದು. ಬರೆಯಲು ಬರುವವರು ಕೆಳಗೆ ಬರೆಯುವುದು: ‘ನಾವ ಹೋಗಿದ್ವಿ.’ ಬರೆಯಲು ಬಾರದ ಹುಸೇನಬಿ ಗೆರೆಯನ್ನಷ್ಟೇ ಎಳೆದಳು, ಆದರೆ ಎಲ್ಲರಿಗಿಂತ ದಪ್ಪಗೆ.

ಈರಪ್ಪ ಓಡಿ ಬಂದ. “ತಂಗೀ, ಅಚ್ಚಾದ ಪುಸ್ತಕ ಕೆಡಸ್ತೀರಲ್ಲ! ದೊಡ್ಡವರು ಬರಾಕತ್ತಾರ. ಮುಂದಿನ ಸಲ ತಿದ್ದೋಣಂತ.”

“ಮುಂದಿನ ಸಲಾನೂ ನೀವ ಅಚ್ಚು ಹಾಕಸಾವ್ರು. ಈಗ ನಾವ ತಿದ್ದತೇವಿ,” ರತ್ನಾಬಾಯಿ ತಲೆ ಎತ್ತದೆ ಹೇಳಿದಳು. “ಒಳಗ ಹೋಗಿ ಕುಂಡ್ರಿ. ಇನ್ನೂ ನೂರಾ ನಲವತ್ತು ಅದಾವ.”

ಅತಿಥಿಗಳ ಕಾರು ಓಣಿಯ ಬಾಯಿಗೆ ಬರುವಷ್ಟರಲ್ಲಿ ಮುನ್ನೂರೂ ಮುಗಿದಿದ್ದವು. ಸಭೆಯಲ್ಲಿ ಹಂಚಲು ಬೇರೆ ಪುಸ್ತಿಕೆಗಳು ಇರಲಿಲ್ಲ, ಅವನ್ನೇ ಹಂಚಿದರು.