ಶಾಂತವ್ವ ಕೇಳಿದ ಚೀಟಿ

2023ರ ಫೆಬ್ರುವರಿ. ಹಾವೇರಿ ಜಿಲ್ಲೆಯ ಒಂದು ಠಾಣೆಯಲ್ಲಿ ನಾನು ಸಬ್ ಇನ್‌ಸ್ಪೆಕ್ಟರ್. ಠಾಣೆಯ ಹೆಸರು ಬೇಡ. ಬ್ಯಾಡಗಿ ಪೇಟೆಗೆ ಮೆಣಸಿನಕಾಯಿ ಹೋಗುವ ದಾರಿಯ ಮೇಲಿತ್ತು ಎಂದರೆ ಸಾಕು. ಕಾನ್‌ಸ್ಟೆಬಲ್ ಆಗಿ ಸೇರಿ, ರಾಣೆಬೆನ್ನೂರು, ಹಾವೇರಿ ಎಂದು ಸುತ್ತಿ, ಹೆಗಲಿಗೆ ಎರಡು ನಕ್ಷತ್ರ ಏರುವಷ್ಟರಲ್ಲಿ ತಲೆ ಬೆಳ್ಳಗಾಗಿತ್ತು. ನಿವೃತ್ತಿಗೆ ಹದಿನೈದು ತಿಂಗಳು ಉಳಿದಿತ್ತು. ಇನ್ನು ಕಲಿಯುವುದೇನಿದೆ ಎಂಬ ಜಂಬವೂ ಇತ್ತು.

ಆ ತಿಂಗಳಲ್ಲಿ ನಮ್ಮ ಸೀಮೆಯ ಗಾಳಿಯೇ ಘಾಟು. ಬ್ಯಾಡಗಿ ಕಾಯಿ ಬಣ್ಣಕ್ಕೆ ಹೆಸರು, ಖಾರಕ್ಕಲ್ಲ ಎಂದು ಹೊರಗಿನವರಿಗೆ ನಾವು ಹೆಮ್ಮೆಯಿಂದ ಹೇಳುತ್ತೇವೆ. ಕಣ್ಣಿಗೆ ಬಿದ್ದರೆ ಅದೇನು ರಿಯಾಯಿತಿ ತೋರಿಸುವುದಿಲ್ಲ. ಹಾಗಾಗಿ ಇಲ್ಲಿ ಹುಟ್ಟಿ ಬೆಳೆದವರಿಗೆ ಒಂದು ರೂಢಿ ಯಾರೂ ಹೇಳಿಕೊಡದೆ ಬಂದುಬಿಡುತ್ತದೆ. ಕಾಯಿ ಮುಟ್ಟಿದ ಕೈಯನ್ನು ಮುಖದ ಹತ್ತಿರ ಒಯ್ಯುವುದಿಲ್ಲ. ಬೆವರು ಬಂದರೆ ತೋಳಿನಿಂದ ಒರೆಸಿಕೊಳ್ಳುತ್ತಾರೆ. ನಮ್ಮ ಕಾನ್‌ಸ್ಟೆಬಲ್ ಚಂದ್ರು ಮಂಡ್ಯದ ಕಡೆಯ ಹುಡುಗ. ಬಂದು ಮೂರು ತಿಂಗಳಾಗಿತ್ತು. ಅವನಿಗೆ ಇದನ್ನು ಹೇಳಬೇಕು ಎಂದು ನಮಗ್ಯಾರಿಗೂ ಹೊಳೆದಿರಲಿಲ್ಲ.

ಅಂದು ಬೆಳಿಗ್ಗೆ ಹನ್ನೊಂದರ ಸುಮಾರಿಗೆ, ಮೆಣಸಿನಕಾಯಿ ಚೀಲಗಳ ನಡುವೆ ಹೊರರಾಜ್ಯದ ಮದ್ಯ ಸಾಗಿಸುತ್ತಿದ್ದಾರೆ ಎಂಬ ಸುಳಿವಿನ ಮೇಲೆ ಚಂದ್ರು ಒಂದು ಗೂಡ್ಸ್ ಗಾಡಿ ತಡೆದ. ಚಾಲಕ ಮೋಟೆಬೆನ್ನೂರಿನ ಮಹೇಶ, ಇಪ್ಪತ್ತೆಂಟರ ಯುವಕ. ನಾನು ಕೂಗಳತೆಯ ದೂರದ ಸರ್ಕಲ್‌ನಲ್ಲಿದ್ದೆ. ಗದ್ದಲ ಕೇಳಿ ಹೋಗುವಷ್ಟರಲ್ಲಿ ಚಂದ್ರು ಎರಡೂ ಕಣ್ಣು ಮುಚ್ಚಿಕೊಂಡು ರಸ್ತೆಯ ಮೇಲೆ ಕುಳಿತಿದ್ದ.

“ಸಾರ್, ಇವ್ನು ಖಾರದ ಪುಡಿ ಎರಚ್ಬಿಟ್ಟ ಸಾರ್!” ಎಂದು ಅರಚಿದ.

“ಇಲ್ರೀ ಸಾಹೇಬ್ರ, ನಾ ಟವೆಲ್ ಝಾಡಿಸಿದ್ನಿ ಅಷ್ಟ. ದೇವರಾಣಿ ರೀ” ಎಂದು ಮಹೇಶ ಟವೆಲ್ ಮುಂದೆ ಹಿಡಿದು ತೋರಿಸಿದ.

ಕೆಂಪಗೆ ಊದಿದ ಕಣ್ಣು ನನ್ನ ಎದುರಿಗೇ ಇತ್ತು. ದೇವರಾಣೆಗೆ ಬೆಲೆ ಕೊಡುವ ಮನಸ್ಸು ನನಗಿರಲಿಲ್ಲ. ಆಗ ತಲೆಯೆತ್ತಿ ನೋಡಿದರೆ, ರಸ್ತೆಯಂಚಿನ ಮನೆಯ ಮಾಳಿಗೆಯ ಮೇಲೆ ಒಬ್ಬ ಹೆಣ್ಣುಮಗಳು ಫೋನ್ ಹಿಡಿದು ನಿಂತಿದ್ದಳು. ನನ್ನ ಪಿತ್ತ ನೆತ್ತಿಗೇರಿತು. ಪೊಲೀಸರು ಏಟು ತಿಂದದ್ದು ಸಂಜೆಯೊಳಗೆ ಊರಿನ ಎಲ್ಲ ಫೋನುಗಳಲ್ಲೂ ಓಡಾಡುತ್ತದಲ್ಲ ಎಂದು ದಡದಡ ಮೆಟ್ಟಿಲು ಹತ್ತಿದೆ. ಅನುಮತಿ ಕೇಳಲಿಲ್ಲ. ಅದು ಅವಳ ಮನೆ ಎಂಬುದೇ ಆ ಹೊತ್ತಿಗೆ ತಲೆಯಲ್ಲಿರಲಿಲ್ಲ.

ಅವಳ ಹೆಸರು ಶಾಂತವ್ವ. ಐವತ್ತರ ಆಸುಪಾಸು. ಪೇಟೆಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸ. ಅಂದು ರಜೆ ಹಾಕಿ, ಮಾಳಿಗೆಯಲ್ಲಿ ಹರವಿದ ಮನೆಬಳಕೆಯ ಕಾಯಿಯ ಬಣ್ಣವನ್ನು ಹುಬ್ಬಳ್ಳಿಯ ತಂಗಿಗೆ ತೋರಿಸಲು ವಿಡಿಯೋ ಮಾಡುತ್ತಿದ್ದಳಂತೆ. ಕೆಳಗೆ ಪೊಲೀಸ್ ಗಾಡಿ ತಡೆದದ್ದು ಕಂಡು ಫೋನ್ ಆ ಕಡೆ ತಿರುಗಿಸಿದ್ದಳು.

“ಏ, ಫೋನ್ ಇಳಿಸು. ಅದನ್ನ ಅಳಿಸು ಮೊದಲ” ಎಂದೆ.

“ಯಾಕ್ರಿ?”

“ಸರ್ಕಾರಿ ಕೆಲಸಕ್ಕ ಅಡ್ಡಿ ಮಾಡಿದಿ ಅಂತ ನಿನ್ನ ಮ್ಯಾಲೂ ಕೇಸ್ ಹಾಕ್ತೇನಿ.”

“ನಾ ಎಲ್ಲಿ ಅಡ್ಡ ಬಂದೇನ್ರಿ ಸಾಹೇಬ್ರ? ನೀವು ರಸ್ತೆದಾಗ ಇದ್ರಿ, ನಾ ನಮ್ಮ ಮಾಳಗಿ ಮ್ಯಾಲ ಇದ್ನಿ. ಈಗ ನೀವ ನಮ್ಮ ಮಾಳಗಿಗೆ ಬಂದೀರಿ.”

ಉತ್ತರ ಇಲ್ಲದಾಗ ನಮ್ಮಂಥವರ ಕೈ ಮುಂದಾಗುತ್ತದೆ. ಫೋನ್ ಕಿತ್ತುಕೊಂಡೆ. ಸಾಕ್ಷ್ಯ ಎಂದು ವಸ್ತುವನ್ನು ಜಪ್ತಿ ಮಾಡುವ ಅಧಿಕಾರ ನನಗಿತ್ತು, ನಿಜ. ಆದರೆ ನನಗೆ ಬೇಕಾಗಿದ್ದದ್ದು ಸಾಕ್ಷ್ಯವಲ್ಲ, ಅದರ ಬಾಯಿ ಮುಚ್ಚುವುದು. ಎರಡು ಮೆಟ್ಟಿಲು ಇಳಿದಿದ್ದೆ. ಹಿಂದಿನಿಂದ ಶಾಂತವಾದ ದನಿ ಬಂತು.

“ಚೀಟಿ ಕೊಟ್ಟು ಒಯ್ಯಿರಿ.”

“ಏನ್ ಚೀಟಿ?”

“ಪೇಟ್ಯಾಗ ಒಂದು ಚೀಲಾ ಎತ್ತಬೇಕಂದ್ರೂ ಚೀಟಿ ಇರಬೇಕ್ರಿ. ಯಾರ ಚೀಲಾ, ಯಾರು ಒಯ್ದರು, ಎಷ್ಟು ತೂಕ. ಚೀಟಿ ಇಲ್ಲದ ಎತ್ತಿದ್ರ ಅದಕ್ಕ ಏನಂತಾರ ನಿಮಗ ಗೊತ್ತಿರಬೇಕಲ್ರಿ.”

ಅಕ್ಕಪಕ್ಕದ ಮಾಳಿಗೆಗಳಲ್ಲಿ ಹೆಂಗಸರು ಸೊಂಟಕ್ಕೆ ಕೈಯಿಟ್ಟು ನಿಂತಿದ್ದರು. ಅವರೆದುರು ಮತ್ತೇನು ಮಾಡಲಿ? ಅವಳ ಕಟ್ಟೆಯ ಮೇಲೆ ಕುಳಿತು, ನೆರೆಯ ಇಬ್ಬರನ್ನು ಪಂಚರೆಂದು ಕರೆದು ಪಂಚನಾಮೆ ಬರೆದೆ. ಪಂಚನಾಮೆಯೆಂದರೆ ಸಾಕ್ಷಿಗಳ ಎದುರು ಏನು, ಎಲ್ಲಿಂದ, ಯಾರಿಂದ ವಶಪಡಿಸಿಕೊಂಡೆವು ಎಂಬ ದಾಖಲೆ. ‘ಕಪ್ಪು ಬಣ್ಣದ ಒಂದು ಮೊಬೈಲ್’ ಎಂದು ಮುಗಿಸಿ ಸಹಿ ಹಾಕಲು ಹೊರಟೆ.

“ವಿಡಿಯೋ ಎಷ್ಟು ನಿಮಿಷದ್ದು ಅಂತ ಬರದಿಲ್ಲಲ್ರಿ” ಎಂದಳು. “ತೂಕಾ ಬರೀಲಾರದ ಚೀಟಿ, ಚೀಟಿ ಅಲ್ರಿ.”

ಹಲ್ಲು ಕಚ್ಚಿಕೊಂಡು ಬರೆದೆ: ಏಳು ನಿಮಿಷ, ಹತ್ತು ಸೆಕೆಂಡು. ಅವಳಿಗೆ ಒಂದು ಪ್ರತಿ ಕೊಟ್ಟೆ. ಮಡಚಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಠಾಣೆಯಲ್ಲಿ ಎಫ್‌ಐಆರ್ ಆಯಿತು. ಆಗಿನ್ನೂ ಹಳೆಯ ದಂಡಸಂಹಿತೆ. ಕಲಂ 353, ಅಂದರೆ ಕರ್ತವ್ಯದಲ್ಲಿದ್ದ ಸರ್ಕಾರಿ ನೌಕರನ ಮೇಲೆ ಹಲ್ಲೆ. ಇದು ಜಾಮೀನು ರಹಿತ; ಜಾಮೀನು ಕೊಡುವ ಅಧಿಕಾರ ಕೋರ್ಟಿಗೆ. ಮಹೇಶ ಮೂಲೆಯಲ್ಲಿ ಕುಳಿತು ಒಂದೇ ಮಾತು ಹೇಳುತ್ತಿದ್ದ: “ಸಾಹೇಬ್ರ, ಸರ್ಕಾರಿ ಬಸ್ಸಿಗೆ ಡ್ರೈವರ್ ಅಂತ ಸೆಲೆಕ್ಟ್ ಆಗೇನ್ರಿ. ಪೊಲೀಸ್ ವೆರಿಫಿಕೇಶನ್ ಒಂದ ಬಾಕಿ ಐತ್ರಿ. ಈ ಕೇಸ್ ಬಿತ್ತಂದ್ರ ಮುಗೀತ್ರಿ ನಂದು.” ನಾಲ್ಕು ವರ್ಷ ಕಾದು ಸಿಕ್ಕ ಕೆಲಸವಂತೆ. ಕೇಳಿಯೂ ಕೇಳದಂತೆ ಕುಳಿತಿದ್ದೆ.

ನಮ್ಮ ಹೆಡ್ ಕಾನ್‌ಸ್ಟೆಬಲ್ ಹತ್ತಿರ ಬಂದು ಪಿಸುಗುಟ್ಟಿದ: “ಸರ್, ಅಳಿಸಿ ಫೋನ್ ವಾಪಸ್ ಕೊಟ್ಟುಬಿಡೋಣ್ರಿ. ಕಿರಿಕಿರಿ ಬ್ಯಾಡ.” ಸತ್ಯ ಹೇಳುತ್ತೇನೆ, ನನ್ನ ಮನಸ್ಸಿನಲ್ಲೂ ಅದೇ ಇತ್ತು. ಆದರೆ ಏಳು ನಿಮಿಷ ಹತ್ತು ಸೆಕೆಂಡು ನನ್ನ ಕೈಬರಹದಲ್ಲೇ ಒಬ್ಬಳ ಸೆರಗಿನಲ್ಲಿತ್ತು. ಪಂಚನಾಮೆಯಾದ ಮೇಲೆ ಆ ವಿಡಿಯೋ ನನ್ನದಲ್ಲ, ಕೋರ್ಟಿನದು. ಬೇರೆ ದಾರಿ ಇಲ್ಲದೆ, ಊಟ ಬಿಟ್ಟು, ನೋಡಲು ಕುಳಿತೆ.

ಮೊದಲ ಒಂದು ನಿಮಿಷ ಬರೀ ಮೆಣಸಿನಕಾಯಿ. ಆಮೇಲೆ ರಸ್ತೆ. ಚಂದ್ರು ಚೀಲದ ಬಾಯಿ ಬಿಚ್ಚಿ, ಮೊಣಕೈವರೆಗೆ ಕೈ ಹಾಕಿ ತಡಕಾಡುತ್ತಾನೆ. ಇನ್ನೊಂದು ಚೀಲ, ಮತ್ತೊಂದು. ಬಾಟಲಿ ಸಿಗುವುದಿಲ್ಲ. ಬಿಸಿಲಿಗೆ ಅವನ ಹಣೆಯಿಂದ ಬೆವರು ಇಳಿಯುತ್ತಿದೆ. ಅದೇ ಕೈ ಮೇಲೆದ್ದಿತು. ಆಗ ಫೋನಿನ ಹತ್ತಿರದಿಂದಲೇ ಶಾಂತವ್ವನ ದನಿ: “ಏ ತಮ್ಮಾ! ಕೈ, ಕೈ! ಆ ಕೈಲೆ ಕಣ್ಣು ಒರಸ್ಕೊಬ್ಯಾಡೋ!” ಗಾಡಿಯ ಎಂಜಿನ್ ಸದ್ದಿನಲ್ಲಿ ಅವನಿಗೆ ಅದು ಕೇಳಿಸಲಿಲ್ಲ. ಎರಡೂ ಕಣ್ಣು ಗಸಗಸ ಉಜ್ಜಿಕೊಂಡ. ಅದೇ ಹೊತ್ತಿಗೆ ಮಹೇಶ, ಬಿಚ್ಚಿದ ಚೀಲಗಳನ್ನು ನೋಡಿ ಸಿಟ್ಟಿನಿಂದ ಹೆಗಲ ಟವೆಲ್ ಝಾಡಿಸಿದ. ಚಂದ್ರು ಚೀರಿದ.

ಮೂರು ಸಲ ನೋಡಿದೆ. ಚಂದ್ರುವನ್ನು ಕರೆದು ತೋರಿಸಿದೆ. ಒಂದು ಕಣ್ಣು ಅರ್ಧ ತೆರೆದು ನೋಡಿದ ಆ ಹುಡುಗನ ಮುಖ ಇಳಿದುಹೋಯಿತು. “ಸಾರ್, ನಾನ್ ಸುಳ್ಳ್ ಹೇಳ್ಲಿಲ್ಲ ಸಾರ್. ಅವ್ನೇ ಎರಚ್ದ ಅಂತ್ಲೇ ಅನ್ಕೊಂಡೆ” ಎಂದ. ಅವನು ಸುಳ್ಳು ಹೇಳಿರಲಿಲ್ಲ. ಆ ಒಂದು ತಪ್ಪು ತಿಳಿವಳಿಕೆಗೇ ಒಬ್ಬನ ಬದುಕು ಮುರಿದುಬೀಳುವುದರಲ್ಲಿತ್ತು. ಚಂದ್ರು ತಾನಾಗಿಯೇ ಮೂಲೆಗೆ ಹೋಗಿ ಮಹೇಶನ ಮುಂದೆ ಕೈಮುಗಿದ. ಮಹೇಶ ಅತ್ತುಬಿಟ್ಟ.

ವಿಡಿಯೋದ ಕೊನೆಯ ಹನ್ನೆರಡು ಸೆಕೆಂಡುಗಳಲ್ಲಿ ನಾನಿದ್ದೆ. ಬೆರಳು ಚುಚ್ಚುತ್ತ, ಬಾಯಿ ಹರಿಯುವಂತೆ ಕೂಗುತ್ತ, ಪರರ ಮಾಳಿಗೆ ಏರಿ ಬರುವ ನಾನು. ಅಷ್ಟನ್ನು ಕತ್ತರಿಸಿಬಿಡೋಣ ಎಂದು ಒಂದು ಕ್ಷಣ ಅನ್ನಿಸಿತು. ಆದರೆ ಚೀಟಿಯಲ್ಲಿ ತೂಕ ಬರೆದಾಗಿತ್ತಲ್ಲ.

ಮಹೇಶನನ್ನು ಅಂದು ಸಂಜೆಯೇ, ಸಾಕ್ಷ್ಯವಿಲ್ಲದಿದ್ದರೆ ತನಿಖಾಧಿಕಾರಿಯೇ ಬಿಡಬಹುದಾದ್ದರಿಂದ, ಹಾಗೆಂದು ದಾಖಲಿಸಿ, ಮುಚ್ಚಳಿಕೆ ಬರೆಸಿಕೊಂಡು ಬಿಟ್ಟೆ. ಮುಂದೆ ಕೋರ್ಟಿಗೆ ಬಿ ರಿಪೋರ್ಟ್ ಹಾಕಿದೆವು. ಆರೋಪದಲ್ಲಿ ಹುರುಳಿಲ್ಲ, ಪ್ರಕರಣ ಮುಗಿಸಬೇಕು ಎಂಬ ವರದಿ ಅದು; ಕೋರ್ಟ್ ಒಪ್ಪಿಕೊಂಡಿತು. ವಿಡಿಯೋ ಪೂರ್ತಿಯಾಗಿ, ನನ್ನ ಹನ್ನೆರಡು ಸೆಕೆಂಡುಗಳ ಸಮೇತ ಹೋಯಿತು. ಮೇಲಧಿಕಾರಿಗಳು ಕರೆದು ಚೆನ್ನಾಗಿಯೇ ಬೈದರು. ಬೈಸಿಕೊಳ್ಳುವಂಥ ಕೆಲಸವನ್ನೇ ಮಾಡಿದ್ದೆ. ಪೊಲೀಸರು ಬಯಲಿನಲ್ಲಿ ಮಾಡುವ ಕೆಲಸವನ್ನು, ಅದಕ್ಕೆ ಅಡ್ಡ ಬರದೆ, ತನ್ನ ಮನೆಯಲ್ಲಿ ನಿಂತು ಚಿತ್ರಿಸುವುದು ಅಪರಾಧ ಎಂದು ಹೇಳುವ ಕಲಂ ನನ್ನ ಇಷ್ಟು ವರ್ಷದ ಸರ್ವಿಸಿನಲ್ಲಿ ನಾನು ಓದಿರಲಿಲ್ಲ. ಆದರೂ ಇದೆಯೆಂಬಂತೆ ಎಷ್ಟೋ ಜನರನ್ನು ಗದರಿಸಿದ್ದೆ. ಅವರು ಯಾರೂ ಚೀಟಿ ಕೇಳಿರಲಿಲ್ಲ.

ಮಹೇಶನ ವೆರಿಫಿಕೇಶನ್ ಕಾಗದ ಕೆಲ ತಿಂಗಳ ಮೇಲೆ ನನ್ನ ಟೇಬಲ್ಲಿಗೇ ಬಂತು. ‘ಯಾವುದೇ ಪ್ರಕರಣ ಬಾಕಿ ಇಲ್ಲ’ ಎಂದು ಬರೆದು ಸಹಿ ಮಾಡಿದೆ. ಅಷ್ಟು ಸಂತೋಷದಿಂದ ನಾನು ಮಾಡಿದ ಸಹಿಗಳು ಹೆಚ್ಚಿಲ್ಲ.

ಅದಕ್ಕೂ ಮೊದಲೇ, ಜಪ್ತಿಯಾಗಿ ಮೂರು ವಾರಕ್ಕೆ, ಕೋರ್ಟಿನ ಆದೇಶ ಪಡೆದು ಫೋನ್ ಹಿಂದಿರುಗಿಸಲು ನಾನೇ ಹೋಗಿದ್ದೆ. ಈ ಸಲ ಬಾಗಿಲಲ್ಲೇ ನಿಂತು, “ಅಕ್ಕಾರ, ಒಳಗ ಬರ್ಲಾ?” ಎಂದು ಕೇಳಿದೆ.

“ಬರ್ರಿ ಸಾಹೇಬ್ರ, ಕುಂದರ್ರಿ” ಎಂದು ಚಾಪೆ ಹಾಸಿದಳು. ಫೋನ್ ಕೈಗೆ ಬಂದದ್ದೇ ವಿಡಿಯೋ ತೆರೆದು ನೋಡಿದಳು. “ಏಳು ನಿಮಿಷ ಹತ್ತು ಸೆಕೆಂಡು. ಬರೋಬ್ಬರಿ ಐತ್ರಿ” ಎಂದು ಸಹಿ ಹಾಕಿದಳು. ಆ ಹುಡುಗನ ಕಣ್ಣು ಹೇಗಿದೆ ಎಂದು ವಿಚಾರಿಸಿದಳು. ಚಹಾ ತಂದಿಟ್ಟು ಕೇಳಿದಳು:

“ಒಂದು ಮಾತು ಕೇಳ್ತೇನ್ರಿ, ಸಿಟ್ಟಾಗಬ್ಯಾಡ್ರಿ. ಅವತ್ತ ನಾ ಚೀಟಿ ಕೇಳಿರಲಿಲ್ಲಂದ್ರ ಏನ್ ಮಾಡ್ತಿದ್ರಿ?”

ಅವಳ ಚಹಾ ಕುಡಿಯುತ್ತ ಸುಳ್ಳು ಹೇಳುವ ಧೈರ್ಯ ನನಗಾಗಲಿಲ್ಲ.

“ಅಳಿಸ್ತಿದ್ನಿ ಅಕ್ಕಾರ.”

“ಗೊತ್ತಿತ್ರಿ,” ಎಂದಳು ಶಾಂತವ್ವ. “ಅದಕ್ಕ ಕೇಳಿದ್ನಿ.”

ಉಳಿದ ಸರ್ವಿಸಿನಲ್ಲಿ, ಯಾರಾದರೂ ತಮ್ಮ ಮಾಳಿಗೆಯಿಂದಲೋ ಅಂಗಳದಿಂದಲೋ ಫೋನ್ ಹಿಡಿದರೆ ಹಿಡಿಯಲಿ ಎಂದು ನಮ್ಮ ಹುಡುಗರಿಗೆ ಹೇಳಿದೆ. ಸಾಕ್ಷ್ಯವಾಗಿ ಬೇಕಾದರೆ ಕೇಳಿ ಪಡೆಯಿರಿ, ಚೀಟಿ ಕೊಡಿ, ಚೀಟಿಯಲ್ಲಿ ತೂಕ ಬರೆಯಿರಿ ಎಂದೆ. ನನ್ನ ವೃತ್ತಿ ಕಡೆಗಾಲದಲ್ಲಿ ಕಲಿಸಿದ ಪಾಠ ಇಷ್ಟೇ: ಒಳ್ಳೆಯ ಪೊಲೀಸ್ ಅನ್ನಿಸಿಕೊಳ್ಳಲು ನನ್ನ ಒಳ್ಳೆಯತನವೊಂದೇ ಸಾಲದು, ಅದನ್ನು ನಂಬದೆ ಚೀಟಿ ಕೇಳುವವರೂ ಬೇಕು. ಆ ಪಂಚನಾಮೆಯ ಪ್ರತಿ ಶಾಂತವ್ವನ ಬಳಿಯೇ ಇದೆ. ನಿವೃತ್ತಿಯ ದಿನ, ನೆನಪಿಗೆ ಇಟ್ಟುಕೊಳ್ಳುತ್ತೇನೆ, ಕೊಡುವಿರಾ ಎಂದು ಕೇಳಿದ್ದೆ. ಅವಳು ಕೊಡಲಿಲ್ಲ. ಕೊಡದಿದ್ದುದಕ್ಕೂ ನಾನು ಅವಳಿಗೆ ಋಣಿ.